ಭಂಗಿ ಉಂಡಿ, ಸರಕಾರದ ತಕ್ಕಡಿ

ಹೋಳಿ ಹುಣ್ಣಿಮೆ ಬಂತಂದ್ರ ನಮ್ಮ ಕಡೆ ಯಾವುದಾದರೂ ಒಂದು ಓಣ್ಯಾಗ ಭಂಗಿ ಅರೆಯುವ ಸಪ್ಪಳ ಕೇಳಿಬರ್ತದ. ಶಿವರಾತ್ರಿಗೂ ಹಂಗೇ. ಹಾಲು, ಬದಾಮು, ಮೆಣಸು ಹಾಕಿ ಘೋಟಾ ಮಾಡುವವರು ಕೆಲವರು. ತುಪ್ಪ, ಬೆಲ್ಲ, ರವೆ ಸೇರಿಸಿ ಉಂಡಿ ಕಟ್ಟುವವರು ಕೆಲವರು. ಮಾಡಿದ್ದನ್ನು ಒಬ್ಬರೇ ತಿನ್ನುವ ಪದ್ಧತಿ ಇಲ್ಲ. ಹತ್ತು ಮಂದಿಗೆ ಹಂಚಿ, "ಮಹಾದೇವನ ಪ್ರಸಾದ ಅದ, ತಗೋ ಕಾಕಾ" ಅಂತ ಕೈಗೆ ಇಡ್ತಾರ. ಬ್ಯಾಡ ಅಂದ್ರ ಸಿಟ್ಟಿಗೇಳುವವರೂ ಅದಾರ.

ಈ ಹಂಚುವ ಪದ್ಧತಿ ಹಳೇದು. ಇದರ ಮೇಲಿನ ಕಾನೂನು ಮಾತ್ರ ಹೊಸದು, ಅದೂ ಒಂದಲ್ಲ, ಒಂದರ ಮೇಲೊಂದು ನಾಲ್ಕೈದು ಪದರ. ನಮ್ಮ ಹುಡುಗರಿಗೆ ಪದ್ಧತಿ ಗೊತ್ತದ, ಪದರ ಗೊತ್ತಿಲ್ಲ. ನಾನು ಭಜನಿ ಪದ ಹಾಡುವವ. ಉಮರ್ಗಾ, ನಿಲಂಗಾ, ಉದಗೀರ, ಅತ್ತ ಬಸವಕಲ್ಯಾಣ, ಭಾಲ್ಕಿ, ಆಳಂದ ಎಲ್ಲ ಕಡೆ ರಾತ್ರಿಗಟ್ಟಲೆ ಕುಂತು ಹಾಡೀನಿ. ಆ ಬೈಠಕಿನೊಳಗೆ ಏನೇನು ಕೈ ಬದಲಾಗ್ತದ ಅನ್ನೋದು ನನಗೆ ಹೊಸದಲ್ಲ. ವಾಚನಾಲಯದ ಹುಡುಗರು ಒಂದು ಇತಿಹಾಸದ ಲೇಖ ಬರೆದುಕೊಡ್ರಿ ಅಂದಾಗ ಕೋಟೆ, ದರ್ಗಾ, ರಾಜಾಕಾರ ಬಿಟ್ಟು ಇದನ್ನೇ ಆರಿಸಿಕೊಂಡೆ. ಕಾನೂನಿನ ಪುಸ್ತಕವನ್ನು ಪರಿಚಯದ ವಕೀಲರೊಬ್ಬರು ಕುಂತು ಓದಿ ತಿಳಿಸಿದರು.

ಮೊದಲು ಗಿಡದ ಮಾತು. ಭಂಗಿ, ಗಾಂಜಾ, ಚರಸ ಮೂರೂ ಒಂದೇ ಗಿಡದಿಂದ ಬರ್ತಾವ. ಎಲೆ ಒಣಗಿಸಿದ್ದು ಭಂಗಿ. ಹೆಣ್ಣು ಗಿಡದ ತುದಿಯ ಹೂವಿನ ಗೊಂಚಲು ಗಾಂಜಾ. ಗಿಡದ ಅಂಟು ಚರಸ. ತೊಗರಿಯ ಹಂಗ ಇದು ಒಂದೇ ಗಿಡದಾಗ ಹೂವು ಕಾಯಿ ಎರಡೂ ಮುಗಿಸುವ ಜಾತಿ ಅಲ್ಲ, ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಗಿಡ ಹೊಲದಾಗ ಉಳೀತಂದ್ರ ಹೆಣ್ಣು ಗಿಡ ಬೀಜ ಕಟ್ತದ, ಗಾಂಜಾ ಕಳಪೆ ಆಗ್ತದ. ಅದಕ್ಕೆ ಬಂಗಾಲದ ನೌಗಾಂವ್ ಕಡೆ ಹಿಂದೆ ಗಂಡು ಗಿಡ ಗುರುತಿಸಿ ಕಿತ್ತು ಒಗೆಯೋದಕ್ಕೇ ಪಗಾರದ ಮನುಷ್ಯ ಇರ್ತಿದ್ದ, ಅವನಿಗೆ ಗಾಂಜಾ ಡಾಕ್ಟರ ಅಂತಿದ್ರಂತ. ನಮ್ಮ ಸೀಮೆಯ ಸಮೀಪ ಅಹಮದನಗರ ಜಿಲ್ಲೆ ಈ ಬೆಳೆಗೆ ಹೆಸರಾಗಿತ್ತು. ಆಗ ಅದು ಕಳ್ಳ ಬೆಳೆ ಅಲ್ಲ, ಸರಕಾರದ ಪರವಾನಗಿ ಮೇಲೆ ಬೆಳೆಯುವ ಬೆಳೆ.

ತಿನ್ನುವ ಪದಾರ್ಥವೂ ಹೊಸದಲ್ಲ. ಉರ್ದು ಮಂದಿ ಅದಕ್ಕೆ ಮಾಜೂಮ್ ಅಂತಿದ್ದರು. ಭಂಗಿ ಅಥವಾ ಗಾಂಜಾ ತುಪ್ಪದಾಗ ಕುದಿಸಿ, ಆ ತುಪ್ಪವನ್ನು ಸಕ್ಕರೆ ಪಾಕಕ್ಕೆ ಹಾಕಿ ಬರ್ಫಿಯ ಹಂಗ ಕತ್ತರಿಸಿ ಮಾರುತ್ತಿದ್ದರು. ಹಕೀಮರ ಮನೆಯಲ್ಲೂ ಇರ್ತಿತ್ತು, ಅಂಗಡಿಯಲ್ಲೂ ಸಿಗ್ತಿತ್ತು. ಹಂಗಾಗಿ ಬ್ರಿಟಿಷರು 1878ರಲ್ಲಿ ಮುಂಬಯಿ ಪ್ರಾಂತಕ್ಕೆ ಆಬಕಾರಿ ಕಾಯ್ದೆ ಮಾಡಿದಾಗ ಗಾಂಜಾ, ಭಂಗಿ, ಚರಸ ಅಷ್ಟನ್ನೇ ಹೆಸರಿಸಿ ಬಿಡಲಿಲ್ಲ, ಅವುಗಳಿಂದ ಮಾಡಿದ ಎಲ್ಲ ಪದಾರ್ಥ, ಎಲ್ಲ ಮಿಶ್ರಣ ಅಂತಲೂ ಸೇರಿಸಿದರು. ಈ 'ಮಿಶ್ರಣ' ಅನ್ನುವ ಶಬ್ದವನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನೂರಾ ನಲವತ್ತು ವರ್ಷದ ಮೇಲೆ ಅದೇ ಶಬ್ದ ಮತ್ತೆ ಬರ್ತದ.

1878ರ ಕಾಯ್ದೆ ಸೋಲಾಪುರಕ್ಕೆ ಲಾಗೂ, ನಮಗಲ್ಲ. ಸೋಲಾಪುರ ಬ್ರಿಟಿಷ್ ಮುಲುಕು, ನಾವು ನಿಜಾಮನ ಮುಲುಕು. ನಡುವೆ ಕರೋಡಗಿರಿ ನಾಕಾ. ಅವರ ರೂಪಾಯಿ ಬೇರೆ, ನಮ್ಮ ಹಾಲಿ ರೂಪಾಯಿ ಬೇರೆ, ಲೆಕ್ಕದ ವರ್ಷ ಸುದ್ದಾ ಬೇರೆ. ನಿಜಾಮ ಸರಕಾರ ತನ್ನ ಆಬಕಾರಿ ಕಾಯ್ದೆ ಮಾಡಿದ್ದು ಫಸಲಿ 1316ರಲ್ಲಿ, ಅಂದ್ರ ಈಗಿನ ಲೆಕ್ಕಕ್ಕೆ 1906-07. ಎರಡೂ ಸರಕಾರದ ಬುದ್ಧಿ ಮಾತ್ರ ಒಂದೇ ಇತ್ತು: ಕುಡಿ, ಸೇದು, ತಿನ್ನು, ಆದರ ನಮ್ಮ ಪಾಲು ಕೊಡು. ಗುತ್ತಾ ಹಿಡಿದವ ಮಾರಬೇಕು, ಗುತ್ತಾ ಇಲ್ಲದವ ಮಾರಿದರೆ ಗುನ್ಹೆ. ಆಗಿನ ಗುನ್ಹೆ ಬೊಕ್ಕಸದ ಗುನ್ಹೆ. ಮಠದಾಗ ಕುಂತು ಸಾಧುಗಳು ಚಿಲುಮೆ ಎಳೆದರ ಅಮೀನಸಾಹೇಬರಿಗೆ ಅದರ ಚಿಂತಿ ಇರಲಿಲ್ಲ.

ಆ ಕಾಲದಾಗ ವಿಲಾಯತಿಯಲ್ಲಿ ಒಂದು ಗಲಾಟೆ ಎದ್ದಿತು. ಹಿಂದುಸ್ಥಾನದ ಮಂದಿ ಗಾಂಜಾದಿಂದ ಹುಚ್ಚರಾಗ್ತಾರ, ಇದನ್ನು ಬಂದ್ ಮಾಡಬೇಕು ಅಂತ ಅಲ್ಲಿನ ಪಾರ್ಲಿಮೆಂಟಿನಾಗ 1893ರಲ್ಲಿ ಪ್ರಶ್ನೆ ಬಂತು. ಸರಕಾರ ಒಂದು ಆಯೋಗ ನೇಮಿಸಿತು. ಏಳು ಮಂದಿ ಸದಸ್ಯರು, ಅದರಾಗ ಮೂವರು ನಮ್ಮ ದೇಶದವರು. ಮುಖ್ಯಸ್ಥ ಮ್ಯಾಕ್‌ವರ್ತ್ ಯಂಗ್ ಅನ್ನುವ ಸಾಹೇಬ. ಈ ಆಯೋಗ ಊರೂರು ತಿರುಗಿ 1193 ಮಂದಿ ಸಾಕ್ಷಿ ಕೇಳಿತು. ಡಾಕ್ಟರು, ಕಲೆಕ್ಟರು, ಮಿಷನರಿ, ಜಮೀನ್ದಾರ, ವಕೀಲ, ಬೈರಾಗಿ ಯಾರನ್ನೂ ಬಿಡಲಿಲ್ಲ. ಹುಚ್ಚಾಸ್ಪತ್ರೆಯ ದಫ್ತರ ತೆಗೆಸಿ, ಗಾಂಜಾದಿಂದ ಹುಚ್ಚು ಅಂತ ಬರೆದ ಒಂದೊಂದು ಹೆಸರನ್ನೂ ಮತ್ತೆ ಪರೀಕ್ಷೆ ಮಾಡಿಸಿದರು, ಅದರಾಗ ಬಹಳಷ್ಟು ಹೆಸರು ನಿಲ್ಲಲಿಲ್ಲ. ಪೊಲೀಸರು ತಂದು ಬಿಟ್ಟಾಗ ಕಾರಣದ ಕಾಲಮ್ಮಿನಲ್ಲಿ ಏನಾದರೂ ತುಂಬಬೇಕಲ್ಲ, ಗಾಂಜಾ ಅಂತ ತುಂಬಿದ್ದರು! ಈಗಿನ ದಫ್ತರಗಳೂ ಬಹಳ ಸುಧಾರಿಸಿಲ್ಲ ಅಂತ ನನ್ನ ಅನಿಸಿಕೆ.

ಮುಂಬಯಿಯ ಕಸ್ಟಮ್ಸ್ ಮತ್ತು ಅಫೀಮು ಖಾತೆಯ ಕಲೆಕ್ಟರ್ ಕ್ಯಾಂಪ್‌ಬೆಲ್ ಸಾಹೇಬ ಆ ಆಯೋಗಕ್ಕೆ ಒಂದು ಲೇಖ ಬರೆದುಕೊಟ್ಟ. ಹೆಸರೇ 'ಭಂಗಿಯ ಧರ್ಮ' ಅನ್ನೋ ಅರ್ಥದ್ದು. ಮುಂಬಯಿ ಪ್ರಾಂತದ ಗ್ಯಾಜೆಟಿಯರು ಬರೆಸಿದ ಮನುಷ್ಯ, ನಮ್ಮ ಮಂದಿಯ ನಡೆನುಡಿ ಬಲ್ಲವ. ಭಂಗಿ ಈ ದೇಶದವರಿಗೆ ಬರೇ ಮತ್ತಿನ ಪದಾರ್ಥವಲ್ಲ, ದೇವರ ಜೊತೆ ಸಂಬಂಧ ಇಟ್ಟುಕೊಂಡ ಗಿಡ, ಇದನ್ನು ಬಂದ್ ಮಾಡಿದರೆ ಮಂದಿಗೆ ನೋವಾಗ್ತದ ಅನ್ನುವ ಧಾಟಿಯಲ್ಲಿ ಬರೆದ. ಆಯೋಗವೂ 1894ರಲ್ಲಿ ಹಂಗೇ ತೀರ್ಮಾನ ಕೊಟ್ಟಿತು. ಮಿತಿಯೊಳಗೆ ಬಳಸಿದವರಿಗೆ ದೊಡ್ಡ ಹಾನಿ ಕಾಣೋದಿಲ್ಲ, ಅತಿ ಮಾಡಿದವರಿಗೆ ಹಾನಿ ಅದ, ಪೂರಾ ಬಂದಿ ಬೇಕಿಲ್ಲ, ತೆರಿಗೆ ಮತ್ತು ಪರವಾನಗಿಯಿಂದ ಹಿಡಿತದಾಗ ಇಡಬೇಕು. ಬಂದ್ ಮಾಡಿದರೆ ಮಂದಿ ದಾರೂಕ್ಕೋ ಧತ್ತೂರಕ್ಕೋ ತಿರುಗ್ತಾರ ಅನ್ನುವ ಹೆದರಿಕೆಯೂ ಅದರಾಗ ಇತ್ತು. ಆ ಹೆದರಿಕೆ ಸುಳ್ಳಲ್ಲ. ಘೋಟಾಕ್ಕೆ ಧತ್ತೂರದ ಬೀಜ ಹಾಕಿ ಮಜಾ ನೋಡುವ ಕೆಟ್ಟ ಚಾಳಿ ಅಲ್ಲಲ್ಲಿ ಇತ್ತು, ಅದರಿಂದ ಜೀವ ಹೋಗ್ತದ.

ಅಂದ್ರ ನೂರಾ ಮೂವತ್ತು ವರ್ಷದ ಹಿಂದೆ ಸರಕಾರ ಬಾಳ ತಲಾಶ ಮಾಡಿ, ಬಂದಿ ಬ್ಯಾಡ ಅಂದಿತ್ತು. "ಹಿರೇರ ಕಾಲದಿಂದ ನಡೆದು ಬಂದದ" ಅಂತ ನಮ್ಮ ಮಂದಿ ಹೇಳೋದಕ್ಕೆ ಇಷ್ಟು ಆಧಾರ ಉಂಟು. ಆದರ ಕೋರ್ಟಿನಾಗ ಆ ಆಧಾರ ಈಗ ಒಂದು ಆಣೆಗೂ ಬರೋದಿಲ್ಲ. ಯಾಕಂದ್ರ ನಡುವೆ ಎರಡು ದೊಡ್ಡ ಬದಲು ಆದವು. ಒಂದು ಗಡಿಯ ಬದಲು, ಇನ್ನೊಂದು ಗಿಡದ ಮೇಲಿನ ಗೆರೆ.

ಗಡಿಯದು ಮೊದಲು. 1948ರ ಸೆಪ್ಟೆಂಬರ 17ಕ್ಕೆ ನಿಜಾಮನ ರಾಜ್ಯ ಮುಗೀತು. ಆದರ ಅವನ ಆಬಕಾರಿ ಕಾಯ್ದೆ ಅವನ ಹಿಂದೆಯೇ ಹೋಗಲಿಲ್ಲ, ಇನ್ನೂ ಕೆಲವು ವರ್ಷ ನಡೀತು. 1956ರ ನವೆಂಬರ 1ಕ್ಕೆ ಬೀದರ ಜಿಲ್ಲೆ ಒಡೆದರು. ಅಹಮದಪುರ, ನಿಲಂಗಾ, ಉದಗೀರ ಮುಂಬಯಿ ರಾಜ್ಯಕ್ಕೆ. ಉಮರ್ಗಾ ಮೊದಲೇ ಉಸ್ಮಾನಾಬಾದ ಜಿಲ್ಲೆಯಲ್ಲಿತ್ತು, ಅದೂ ಜಿಲ್ಲೆ ಸಮೇತ ಮುಂಬಯಿ ಕಡೆ. ಕಲ್ಯಾಣ, ಹುಮನಾಬಾದ, ಭಾಲ್ಕಿ ಮೈಸೂರಿಗೆ. ಜಳಕೋಟ ಅನ್ನುವ ಊರೇ ನಮ್ಮಲ್ಲಿ ಎರಡು ಅದಾವ, ಒಂದು ಸೋಲಾಪುರ-ಹೈದರಾಬಾದ ರಸ್ತೆ ಮೇಲೆ, ಇನ್ನೊಂದು ಉದಗೀರಿನ ಆಚೆ. ಎರಡೂ ಮಹಾರಾಷ್ಟ್ರದಾಗ ಉಳಿದವು, ಆದರ ಬೀಗತನ ಮಾತ್ರ ಕಲ್ಯಾಣ, ಆಳಂದದ ಜೊತೆ ಹಂಗೇ ಉಳೀತು. ಮಗಳನ್ನು ಕೊಟ್ಟ ಊರು ಬೇರೆ ರಾಜ್ಯ, ಸೊಸೆ ತಂದ ಊರು ಬೇರೆ ರಾಜ್ಯ. ಹಬ್ಬಕ್ಕೆ ಬುತ್ತಿ ಒಯ್ಯುವವರು ದಿನಾ ಗಡಿ ದಾಟುವವರೇ.

ಆಮೇಲೆ 1949ರ ಮುಂಬಯಿ ದಾರೂಬಂದಿ ಕಾಯ್ದೆ ಮರಾಠವಾಡಕ್ಕೂ ಬಂತು. ಮಂದಿ ಅದು ಬರೇ ದಾರೂದ ಕಾಯ್ದೆ ಅಂತ ತಿಳಿದಾರ. ಅದರೊಳಗೆ ಮತ್ತಿನ ಪದಾರ್ಥ ಅನ್ನುವಾಗ ಭಂಗಿಯ ಎಲೆಯನ್ನೂ ಹಿಡಿದಾರ. ಪರವಾನಗಿ ಇಲ್ಲದೆ ಭಂಗಿ ಇಟ್ಟುಕೊಳ್ಳೋದು, ಒಯ್ಯೋದು, ಸೇವಿಸೋದು ಮಹಾರಾಷ್ಟ್ರದಾಗ ಇವತ್ತಿಗೂ ಗುನ್ಹೆ. ಕರ್ನಾಟಕದ ಕಡೆ 1965ರ ಆಬಕಾರಿ ಕಾಯ್ದೆ. ಕಾಶಿಯಾಗ ಸರಕಾರಿ ಠೇಕಾದ ಅಂಗಡಿಯಲ್ಲಿ ಭಂಗಿ ಕೊಂಡು ಬಂದ ಯಾತ್ರಿಕರು "ಅದು ಚಾಲೂ ಅದ, ಖುಲ್ಲಾ ಮಾರ್ತಾರ" ಅಂತಾರ. ಖರೆ ಅದ, ಅದು ಉತ್ತರ ಪ್ರದೇಶದ ಮಾತು. ಅಲ್ಲಿಯ ಪರವಾನಗಿ ಉಮರ್ಗಾದಾಗ ನಡೆಯೋದಿಲ್ಲ.

ಇನ್ನು ಗಿಡದ ಮೇಲಿನ ಗೆರೆ. 1961ರಲ್ಲಿ ದೇಶದೇಶಗಳೆಲ್ಲ ಕೂಡಿ ಮಾದಕ ಪದಾರ್ಥದ ಬಗ್ಗೆ ಒಂದು ಕರಾರು ಮಾಡಿಕೊಂಡವು. ಅದರಾಗ ಗಾಂಜಾ ಅಂದ್ರ ಯಾವುದು ಅಂತ ಬರೆಯುವಾಗ, ಹೂವು ಅಥವಾ ಕಾಯಿ ಇರುವ ತುದಿಗಳು, ತುದಿ ಜೊತೆಗಿಲ್ಲದ ಎಲೆ ಮತ್ತು ಬೀಜ ಬಿಟ್ಟು ಅಂತ ಬರೆದರು. ಔಷಧಕ್ಕಲ್ಲದ ಬಳಕೆ ಬಿಡಿಸಲಿಕ್ಕೆ ನಮ್ಮಂಥ ದೇಶಗಳಿಗೆ 25 ವರ್ಷದ ವಾಯಿದೆ ಇತ್ತು. ಆ ವಾಯಿದೆ ತುಂಬುತ್ತ ಬಂದಾಗ ದಿಲ್ಲಿ ಸರಕಾರ 1985ರಲ್ಲಿ ಮಾದಕ ಪದಾರ್ಥದ ಕಾಯ್ದೆ ಪಾಸು ಮಾಡಿತು. ಅದಕ್ಕೆ ಎನ್‌ಡಿಪಿಎಸ್ ಅಂತಾರ. ಅದೇ ವರ್ಷ ನವೆಂಬರ 14ರಿಂದ ಜಾರಿ. ಕರಾರಿನ ಗೆರೆಯನ್ನೇ ಅದರಾಗ ಎತ್ತಿ ಇಟ್ಟರು. ಎಲೆ ಮತ್ತು ಬೀಜ, ಹೂವಿನ ತುದಿ ಜೊತೆಗಿರದಿದ್ದರೆ, ಈ ದೊಡ್ಡ ಕಾಯ್ದೆಯ ಹೊರಗೆ, ಅವು ರಾಜ್ಯ ಸರಕಾರದ ಕೈಗೆ. ಹೂವಿನ ತುದಿ ಒಳಗೆ. ಅಂಟು ಒಳಗೆ. ಆಮೇಲೆ ಮೂರನೇದು: ಇವುಗಳ ಯಾವುದೇ ಮಿಶ್ರಣ, ಅದರಾಗ ಬೇರೆ ನಿರುಪದ್ರವಿ ಪದಾರ್ಥ ಕೂಡಿರಲಿ ಬಿಡಲಿ, ಮತ್ತು ಇವುಗಳಿಂದ ಮಾಡಿದ ಪಾನ. ಉಂಡಿ, ಬರ್ಫಿ, ಘೋಟಾ ಎಲ್ಲ ಈ ಮೂರನೇ ಖಾನೆಯೊಳಗೆ ಬೀಳ್ತಾವ, ಅದರಾಗ ಹೂವಿನ ಅಂಶ ಇತ್ತಂದ್ರ.

ಇಲ್ಲೇ ಎಲ್ಲಾ ತೊಡಕು. ಗಿಡ ಹೊಲದಾಗ ನಿಂತಾಗ ಎಲೆ ಯಾವುದು ಹೂವು ಯಾವುದು ಅಂತ ಕುರಿ ಕಾಯುವ ಹುಡುಗನೂ ಹೇಳ್ತಾನ. ಒಣಗಿಸಿ ಚೂರು ಮಾಡಿದ ಮೇಲೆ ಸ್ವಲ್ಪ ಕಷ್ಟ. ಕಲ್ಲಿನಾಗ ಅರೆದು, ತುಪ್ಪದಾಗ ಕುದಿಸಿ, ಬೆಲ್ಲ ಸೇರಿಸಿ ಉಂಡಿ ಕಟ್ಟಿದ ಮೇಲೆ ಮಾಡಿದವನ ಬಾಯಿ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. "ಸಾಹೇಬರ, ಬರೇ ಎಲೆ ಹಾಕೀನ್ರಿ" ಅಂದ್ರ ಪೊಲೀಸರು ನಂಬೋದಿಲ್ಲ, ನಂಬಲೂ ಬಾರದು. ಉಂಡಿ ಪ್ರಯೋಗಾಲಯಕ್ಕೆ ಹೋಗ್ತದ. ವರದಿ ಬರೋತನಕ ಮನುಷ್ಯ ಒಳಗೆ.

2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಇಂಥ ಒಂದು ಖಟ್ಲೆ ಬಂತು. ಬೆಂಗಳೂರಿನಾಗ ಒಬ್ಬನ ಹತ್ತಿರ 29 ಕಿಲೋ ಭಂಗಿ, ಜೊತೆಗೆ 400 ಗ್ರಾಂ ಗಾಂಜಾ ಸಿಕ್ಕಿತ್ತು. ಭಂಗಿ ಎನ್‌ಡಿಪಿಎಸ್ ಕಾಯ್ದೆಯ ವ್ಯಾಖ್ಯೆಯೊಳಗೆ ಬರೋದಿಲ್ಲ, ಅದು ಎಲೆಯಿಂದ ಮಾಡಿದ್ದೋ ಗಾಂಜಾದಿಂದ ಮಾಡಿದ್ದೋ ತೋರಿಸುವ ದಾಖಲೆ ಮುಂದೆ ಇಲ್ಲ ಅಂತ ಹೇಳಿ ಕೋರ್ಟು ಜಾಮೀನು ಕೊಟ್ಟಿತು. ಈ ಸುದ್ದಿ ಬಂದಾಗ ನಮ್ಮ ಕಡೆ ಹುಡುಗರು "ಭಂಗಿ ಖುಲ್ಲಾ ಆಯ್ತು" ಅಂತ ಕುಣಿದರು. ಖುಲ್ಲಾ ಆಗಿದ್ದು ಭಂಗಿ ಅಲ್ಲ, ಒಬ್ಬ ಮನುಷ್ಯ, ಅದೂ ಜಾಮೀನಿನ ಮೇಲೆ, ಅದೂ ಎರಡು-ಮೂರು ತಿಂಗಳು ಜೈಲಿನಾಗ ಕಳೆದ ಮೇಲೆ. ಮಹಾರಾಷ್ಟ್ರದ ದಾರೂಬಂದಿ ಕಾಯ್ದೆಗೆ ಆ ತೀರ್ಪು ಸಂಬಂಧವೂ ಇಲ್ಲ.

ಈಗ ತಕ್ಕಡಿಯ ಮಾತು. 1985ರ ಕಾಯ್ದೆಯಲ್ಲಿ ಗಾಂಜಾಕ್ಕೆ ಸ್ವಲ್ಪಕ್ಕೂ ಬಹಳಕ್ಕೂ ಒಂದೇ ಕಲಮು ಇತ್ತು, ಬಳಕೆಯವನಿಗೆ ಮಾತ್ರ ಸಣ್ಣ ವಿನಾಯಿತಿ. 2001ರ ಅಕ್ಟೋಬರ 2ರಿಂದ ತೂಕದ ಮೇಲೆ ಶಿಕ್ಷೆ ಭಾಗ ಮಾಡಿದರು. ಗಾಂಜಾ ಒಂದು ಕಿಲೋತನಕ ಸಣ್ಣ ಪ್ರಮಾಣ, 20 ಕಿಲೋ ದಾಟಿತಂದ್ರ ವ್ಯಾಪಾರಿ ಪ್ರಮಾಣ, ನಡುವಿನದು ನಡುವಿನದೇ. ಚರಸಿಗೆ ಸಣ್ಣದು 100 ಗ್ರಾಂ, ವ್ಯಾಪಾರಿ ಪ್ರಮಾಣ ಒಂದು ಕಿಲೋ. ಸಣ್ಣ ಪ್ರಮಾಣಕ್ಕೆ ಒಂದು ವರ್ಷದ ತನಕ ಕಠಿಣ ಸಜೆ ಅಥವಾ 10 ಸಾವಿರದ ತನಕ ದಂಡ, ಇಲ್ಲಾ ಎರಡೂ. ನಡುವಿನದಕ್ಕೆ 10 ವರ್ಷದ ತನಕ ಸಜೆ, ಒಂದು ಲಕ್ಷದ ತನಕ ದಂಡ. ವ್ಯಾಪಾರಿ ಪ್ರಮಾಣಕ್ಕೆ ಕಮ್ಮೀತಕಮ್ಮಿ 10 ವರ್ಷ, ಹೆಚ್ಚಿಗೆ 20, ಮತ್ತ ಜಾಮೀನು ಸಿಗೋದು ಬಾಳ ದುಸ್ತರ.

ಪ್ರಶ್ನೆ ಏನಂದ್ರ, ತಕ್ಕಡಿಯಾಗ ಇಡೋದು ಏನನ್ನು? ಬರೇ ಗಾಂಜಾದ ತೂಕವೋ, ಉಂಡಿಯ ತೂಕವೋ? 2008ರಲ್ಲಿ ಸುಪ್ರೀಂ ಕೋರ್ಟು, ಮಿಶ್ರಣದೊಳಗಿನ ಮಾದಕ ಪದಾರ್ಥದ ತೂಕ ಅಷ್ಟೇ ಹಿಡೀಬೇಕು ಅಂದಿತ್ತು. ಅದು ಹೆರಾಯಿನ್ನಿನ ಖಟ್ಲೆ. ಮರುವರ್ಷ ನವೆಂಬರದಾಗ ಕೇಂದ್ರ ಸರಕಾರ ಆದೇಶ ಹೊರಡಿಸಿ, ಇಲ್ಲ, ಪೂರಾ ಮಿಶ್ರಣದ ತೂಕ ಹಿಡೀಬೇಕು ಅಂದಿತು. ಹತ್ತು ವರ್ಷ ಇದರ ಮೇಲೆ ವಾದ ನಡೀತು. 2020ರ ಏಪ್ರಿಲ್ 22ರಂದು ಹೀರಾ ಸಿಂಗ್ ಖಟ್ಲೆಯಲ್ಲಿ ಮೂವರು ನ್ಯಾಯಮೂರ್ತಿಗಳು ಹೇಳಿದರು: ಪೂರಾ ಮಿಶ್ರಣದ ತೂಕವೇ ಸರಿ, ಹಳೇ ತೀರ್ಪು ಸರಿಯಲ್ಲ. ಆಗ ಲಾಕ್‌ಡೌನ್, ಎಲ್ಲರೂ ಮನ್ಯಾಗ. ಈ ತೀರ್ಪು ನಮ್ಮ ಊರಿಗೆ ಮುಟ್ಟಲೇ ಇಲ್ಲ.

ರೈತರಿಗೆ ತೂಕದ ಲೆಕ್ಕ ಹೇಳಿಕೊಡಬೇಕಿಲ್ಲ, ಆದರೂ ಒಮ್ಮೆ ಮಾಡಿ ನೋಡೋಣ. ಐದು ತೊಲ ಗಾಂಜಾ ಅಂದ್ರ ಸುಮಾರು 58 ಗ್ರಾಂ. ಅದನ್ನು ಹಂಗೇ ಇಟ್ಟುಕೊಂಡವನಿಗೆ ಸಣ್ಣ ಪ್ರಮಾಣದ ಶಿಕ್ಷೆ, ಹೆಚ್ಚಂದ್ರ ಒಂದು ವರ್ಷ. ಅದೇ ಐದು ತೊಲವನ್ನು ಒಂದು ಭಜನಿ ಮೇಳಕ್ಕಾಗುವಷ್ಟು, 25 ಗ್ರಾಮಿನ 50 ಉಂಡಿ ಮಾಡಿದರೆ ತೂಕ ಒಂದೂಕಾಲು ಕಿಲೋ. ಒಂದು ಕಿಲೋದ ಗೆರೆ ದಾಟಿತು. ಶಿಕ್ಷೆ 10 ವರ್ಷದ ತನಕ. ಹೆಚ್ಚಾದದ್ದು ಬೆಲ್ಲ ಮತ್ತು ರವೆ. ನನಗೆ ಇದು ನ್ಯಾಯ ಅನಿಸೋದಿಲ್ಲ. ಹೆರಾಯಿನ್ ಮಾರುವವ ಸೀಮೆಸುಣ್ಣ ಬೆರೆಸಿ ಹೆಚ್ಚು ಮಂದಿಯನ್ನು ಹಾಳು ಮಾಡ್ತಾನ, ಅವನಿಗೆ ಈ ಲೆಕ್ಕ ಸರಿ. ಬೆಲ್ಲಕ್ಕೂ ಅದೇ ತಕ್ಕಡಿ ಅಂದ್ರ ಹೆಂಗ? ಆದರ ನನ್ನ ಅನಿಸಿಕೆ ಕೋರ್ಟಿನ ಬಾಗಿಲ ಹೊರಗೆ. ಒಳಗೆ ನಡೆಯೋದು ಹೀರಾ ಸಿಂಗ್ ತೀರ್ಪು.

ಎರಡು ವರ್ಷದ ಹಿಂದೆ ನಮ್ಮ ಕಡೆಯ ಒಬ್ಬ ಹುಡುಗ, ಹೆಸರು ಬ್ಯಾಡ, ಹೋಳಿಗೆ ಅಕ್ಕನ ಊರಿಗೆ ಹೊರಟ. ಊರು ಕಲ್ಯಾಣದ ಕಡೆ. ಸ್ಟೀಲಿನ ಡಬ್ಬಿಯಾಗ ಉಂಡಿ ಒಯ್ದಿದ್ದ, ಭಾವನ ಗೆಳೆಯರಿಗೆ ಅಂತ. ದಾರ್ಯಾಗ ಒಂದು ನಾಕಾದಲ್ಲಿ ಗಾಡಿ ತಡೆದರು. ಡಬ್ಬಿ ತೆಗೆಸಿದರು, ವಾಸನೆ ಬಂತು, ಪಂಚನಾಮೆ ಆಯಿತು. ಜಾಮೀನಿಗೆ ಅವನ ಅಪ್ಪ ಒಂದು ಜೋಡಿ ಎತ್ತು ಮಾರಿದ. ಖಟ್ಲೆ ಇನ್ನೂ ನಡದಾದ, ತಾರೀಖಿಗೆ ಬೇರೆ ರಾಜ್ಯಕ್ಕೆ ಹೋಗಬೇಕು, ಒಂದು ತಾರೀಖಂದ್ರ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. ಪೊಲೀಸ್ ಭರತಿಗೆ ಓಡಾಟ ಕಲೀತಿದ್ದ ಹುಡುಗ, ಅದೂ ನಿಂತಿತು. ನನ್ನ ಮುಂದೆ ಕುಂತು ಅವ ಹೇಳಿದ್ದು ಒಂದೇ ಮಾತು: "ಕಾಕಾ, ನಾ ಏನ್ ಮಾರಾಕ ಹೊಂಟಿದ್ದಿಲ್ಲ. ಪುಗಸಟ್ಟೆ ಹಂಚಾಕ ಒಯ್ದಿದ್ದೆ."

ಈ ಪುಗಸಟ್ಟೆ ಅನ್ನುವ ಮಾತಿಗೆ ಕಾನೂನಿನಾಗ ಜಾಗ ಇಲ್ಲ. ಆಬಕಾರಿಯ ಹಳೇ ಕಾಲದಾಗ ಗುನ್ಹೆ ಅಂದ್ರ ಪರವಾನಗಿ ಇಲ್ಲದ ಮಾರಾಟ ಅಂತ ಮಂದಿಯ ತಲ್ಯಾಗ ಕುಂತದ, ಅದು ಇನ್ನೂ ಇಳಿದಿಲ್ಲ. ಈಗಿನ ಕಾಯ್ದೆಯಾಗ ಬೆಳೆಯೋದು, ತಯಾರು ಮಾಡೋದು, ಹತ್ತಿರ ಇಟ್ಟುಕೊಳ್ಳೋದು, ಕೊಳ್ಳೋದು, ಮಾರೋದು, ಸಾಗಿಸೋದು, ಬಳಸೋದು ಎಲ್ಲ ಸಾಲಾಗಿ ಒಂದೇ ಕಲಮಿನಾಗ ಅದಾವ. ಉಂಡಿ ಕಟ್ಟಿದಾಗ ತಯಾರಿ ಆಯಿತು. ಡಬ್ಬಿಯಾಗ ಹಾಕಿದಾಗ ಇಟ್ಟುಕೊಂಡಂಗ ಆಯಿತು. ಗಾಡಿ ಹತ್ತಿದಾಗ ಸಾಗಾಟ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯೋದು ಅಂತ ಬೇರೆಯಾಗಿಯೂ ಬರೆದಾರ. ಆಳಂದದಿಂದ ಉಮರ್ಗಾಕ್ಕೆ ಬಂದ ಬುತ್ತಿ ಅಂತರರಾಜ್ಯ ಆಮದು! ನಮ್ಮಂಥ ಗಡಿಯ ಮಂದಿಗೆ ಅಜ್ಜಿಯ ಮನೆಗೆ ಹೋಗೋದೂ ಅಂತರರಾಜ್ಯವೇ.

ಮನೆಯವರ ಮಾತೂ ಅದ. 25ನೇ ಕಲಮು ಏನು ಹೇಳ್ತದಂದ್ರ, ತನ್ನ ಮನೆ, ಕೋಣೆ, ಜಾಗ, ವಾಹನ, ದನವನ್ನು ಇಂಥ ಕೆಲಸಕ್ಕೆ ಬಳಸಲಿಕ್ಕೆ ಗೊತ್ತಿದ್ದೂ ಬಿಟ್ಟವನಿಗೂ ಮಾಡಿದವನಷ್ಟೇ ಶಿಕ್ಷೆ. ದನ ಅಂತಲೂ ಬರೆದಾರ, ನಾ ಎರಡು ಸಲ ಓದಿಸಿ ಕೇಳಿದೆ. ಎತ್ತಿನ ಗಾಡಿ ಕಾಲ ಮುಗಿದರೂ ಕಾಯ್ದೆಯೊಳಗೆ ಎತ್ತು ಉಳದದ. ಹಂಗಾಗಿ ಮಗನ ಗೆಳೆಯರು ಅಡಿಗಿ ಮನ್ಯಾಗ ಉಂಡಿ ಕಟ್ಟುವಾಗ "ಹುಡುಗರು ಮಾಡ್ಕೊಳ್ಳಲಿ" ಅಂತ ಒಲಿ ಹಚ್ಚಿಕೊಟ್ಟ ತಾಯಿಯ ಹೆಸರೂ ಕಾಗದದ ಮೇಲೆ ಬರಬಹುದು. ನನಗೆ ಗೊತ್ತಿರಲಿಲ್ಲ ಅಂದ್ರ, ಗೊತ್ತಿರಲಿಲ್ಲ ಅಂತ ಸಿದ್ಧ ಮಾಡುವ ಭಾರ ಆರೋಪಿಯ ಮೇಲೇ. ಬೇರೆ ಕಾಯ್ದೆಯಾಗ ಸರಕಾರ ಸಿದ್ಧ ಮಾಡಬೇಕು, ಇಲ್ಲಿ ಉಲ್ಟಾ.

ಹೊಲದವರಿಗೆ ಬೇರೆ ಕಲಮು. ಬಾಂಧಿನ ಮೇಲೆ ಒಂದೆರಡು ಗಿಡ ತಾವೇ ಹುಟ್ಟಿ ಬೆಳೆದಾವ ಅನ್ನೋದು ಒಂದು, ಕಬ್ಬಿನ ನಡುವೆ, ತೊಗರಿಯ ನಡುವೆ ಬೇಕಂತಲೇ ಹಚ್ಚೋದು ಇನ್ನೊಂದು. ಹಚ್ಚಿದ್ದು ಸಿಕ್ಕರೆ 10 ವರ್ಷದ ತನಕ ಸಜೆ, ಅಲ್ಲಿ ಕಿಲೋದ ಲೆಕ್ಕ ಇಲ್ಲ. ತನ್ನ ಜಮೀನಿನಾಗ ಬೇರೆಯವರು ಹಚ್ಚಿದ್ದು ಗೊತ್ತಿದ್ದೂ ಸುಮ್ಮನಿದ್ದ ಜಮೀನಿನ ಮಾಲಕನಿಗೂ ಶಿಕ್ಷೆ ಅದ. ಸಾತಬಾರಾದ ಮೇಲೆ ಹೆಸರಿದ್ದವ ಪುಣೆಯಾಗ ಕೂಲಿ ಮಾಡ್ತಿರಲಿ, ಪೊಲೀಸರು ಮೊದಲು ಆ ಹೆಸರೇ ಹುಡುಕ್ತಾರ. ಪಂಚ, ಸರಪಂಚ, ಊರಿನ ಎಲ್ಲ ಅಧಿಕಾರಿಗಳು ಗೊತ್ತಾದ ಕೂಡಲೇ ತಿಳಿಸಬೇಕು, ತಿಳಿಸದಿದ್ದರೆ ಅವರಿಗೂ ಶಿಕ್ಷೆ ಅಂತ 47ನೇ ಕಲಮು. ನಮ್ಮ ಎಷ್ಟು ಮಂದಿ ಸರಪಂಚರಿಗೆ ಇದು ಗೊತ್ತದ ಅಂತ ಚುನಾವಣೆಯಲ್ಲಿ ಕೇಳಬೇಕು.

ಪೊಲೀಸರು ಈಚೆಗೆ ಯಾಕೆ ಇಷ್ಟು ಬಿಗಿ ಅಂತ ಕೇಳಿದರೆ, ಅದಕ್ಕೂ ನಮ್ಮ ಸೀಮೆಯಲ್ಲೇ ಕಾರಣ ಅದ. 2020ರ ಸೆಪ್ಟೆಂಬರದಾಗ ಕಲಬುರಗಿ ಜಿಲ್ಲೆಯ ಒಂದು ತಾಂಡಾದ ಹತ್ತಿರ ಕುರಿ ಹಟ್ಟಿಯ ಕೆಳಗೆ ನೆಲದಾಗ ಹೂತಿಟ್ಟ ಗಾಂಜಾ ಸಿಕ್ಕಿತು. 1300 ಕಿಲೋದ ಮೇಲೆ. ಹಿಡಿದವರು ಬೆಂಗಳೂರಿನಿಂದ ಬಂದ ಪೊಲೀಸರು. 2022ರ ಸೆಪ್ಟೆಂಬರದಾಗ ಗಾಂಜಾ ಹುಡುಕಿಕೊಂಡು ಗಡಿ ದಾಟಿ ಬಂದ ಕಲಬುರಗಿಯ ಪೊಲೀಸರ ಮೇಲೆ ಉಮರ್ಗಾ ತಾಲೂಕಿನ ತುರೋರಿ ಕಡೆ ಗುಂಪು ಬಿದ್ದು ಹೊಡೀತು. ಒಬ್ಬ ಸರ್ಕಲ್ ಇನ್ಸ್‌ಪೆಕ್ಟರ್ ಸಾಯುವ ಹಂತಕ್ಕೆ ಹೋಗಿ, ವಿಮಾನದಾಗ ಬೆಂಗಳೂರಿಗೆ ಒಯ್ದರು. ಆವತ್ತಿನಿಂದ ಈ ರಸ್ತೆಗಳ ಮೇಲೆ ಡಬ್ಬಿ ತೆಗೆದು ನೋಡೋದು ಹೆಚ್ಚಾಯಿತು. 2023ರಲ್ಲಿ ಮಂಗಳೂರು, ರಾಯಚೂರು ಕಡೆ ಚಾಕಲೇಟಿನ ರೂಪದಾಗ ಇದೇ ಪದಾರ್ಥ ಅಂಗಡಿಯಾಗ ಸಿಕ್ಕಿತು, ಮಕ್ಕಳ ಕೈಗೂ ಹೋಗ್ತಿತ್ತು ಅಂತ ಪತ್ರಿಕೆಗಳು ಬರೆದವು. ದೊಡ್ಡ ಕಳ್ಳರು ಮಾಡಿದ್ದು, ತಪಾಸಣೆ ಬುತ್ತಿ ಡಬ್ಬಿಗೆ.

ಮಠ-ಮಂದಿರದ ಆಸರೆಯೂ ಸಾಲದು. 2020ರಲ್ಲೇ, ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದ ಅಂತ ಕೊಡ್ತಾರ ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಆರೂಢರು, ಅವಧೂತರು, ಫಕೀರರು ಇವರ ಸೊಲ್ಲಿನಾಗ ಆ ಸೊಪ್ಪು ಜ್ಞಾನದ ಗುರುತಾಗಿ ಬರ್ತದ, ತತ್ವಪದ ಹಾಡುವ ನನಗೆ ಅದು ಗೊತ್ತಿಲ್ಲ ಅಂತಲ್ಲ. ಆದರ ಕಾಯ್ದೆಯಾಗ ಬಿಟ್ಟದ್ದು ಔಷಧಕ್ಕೆ ಮತ್ತು ವಿಜ್ಞಾನದ ಕೆಲಸಕ್ಕೆ ಅಷ್ಟೇ. ದೇವರಿಗೆ ಅಂತ ಒಂದು ಸಾಲೂ ಬರೆದಿಲ್ಲ.

ತಿನ್ನುವ ಪದಾರ್ಥದಾಗ ಕಾನೂನಿಗಿಂತ ಮೊದಲು ಒಂದು ಮೋಸ ಅದ. ಚಿಲುಮೆ ಎಳೆದವನಿಗೆ ಕ್ಷಣದಾಗ ಗೊತ್ತಾಗ್ತದ, ಸಾಕು ಅಂತ ನಿಲ್ಲಿಸ್ತಾನ. ಉಂಡಿ ತಿಂದವನಿಗೆ ಒಂದು ತಾಸು, ಎರಡು ತಾಸು ಏನೂ ಆಗೋದಿಲ್ಲ. ಏನೂ ಆಗಲಿಲ್ಲ ಅಂತ ಇನ್ನೊಂದು ತಿಂತಾನ. ಆಮೇಲೆ ಎರಡೂ ಕೂಡಿ ಏರ್ತಾವ. ಎದಿ ಹೊಡಕೊಳ್ತದ, ಹೆದರಿಕೆ ಬರ್ತದ, ಬಾವಿ ಕಟ್ಟೆ, ರಸ್ತೆ, ಮಾಳಗಿ ತಿಳಿಯೋದಿಲ್ಲ. ಇದರಾಗ ಗೊತ್ತಿಲ್ಲದವರಿಗೆ ಮಜಾಕ್ಕಂತ ತಿನಿಸಿದರೆ ಆ ಗುನ್ಹೆ ಬೇರೆಯೇ. ಹಾನಿ ಆಗ್ತದ ಅಂತ ಗೊತ್ತಿದ್ದೂ ಮತ್ತಿನ ಪದಾರ್ಥ ಕೊಟ್ಟವನಿಗೆ 10 ವರ್ಷದ ತನಕ ಸಜೆ. ಮೊದಲು ಅದು ದಂಡಸಂಹಿತೆಯ 328ನೇ ಕಲಮು, 2024ರ ಜುಲೈ 1ರಿಂದ ಹೊಸ ನ್ಯಾಯಸಂಹಿತೆಯ 123. ಇಲ್ಲಿ ಎಲೆ, ಹೂವು ಅನ್ನುವ ಭೇದ ಇಲ್ಲ, ತೂಕವೂ ಇಲ್ಲ. ಹದಿನೆಂಟು ತುಂಬದ ಮಗುವಿಗೆ ಮಾದಕ ಪದಾರ್ಥ ಕೊಟ್ಟರೆ ಮಕ್ಕಳ ನ್ಯಾಯ ಕಾಯ್ದೆ 77ನೇ ಕಲಮಿನ ಕೆಳಗೆ 7 ವರ್ಷದ ತನಕ ಸಜೆ, ಒಂದು ಲಕ್ಷದ ತನಕ ದಂಡ. ಹೋಳಿಯಲ್ಲಿ ಹತ್ತನೇ ಈಯತ್ತೆ ಹುಡುಗರ ಕೈಗೆ ಉಂಡಿ ಕೊಡುವ ದೊಡ್ಡ ಮಂದಿ ಇದನ್ನು ಓದಲಿ. ಈ ಒಂದು ವಿಷಯದಾಗ ನಾನು ಕಾನೂನಿನ ಕಡೆಯವನೇ.

2020ರ ಡಿಸೆಂಬರ 2ರಂದು ವಿಶ್ವಸಂಸ್ಥೆಯ ಮಾದಕ ಪದಾರ್ಥಗಳ ಆಯೋಗದಾಗ ಮತ ಹಾಕಿದರು. ಗಾಂಜಾವನ್ನು ಅತ್ಯಂತ ಕೆಟ್ಟ ಪದಾರ್ಥಗಳ ನಾಲ್ಕನೇ ಪಟ್ಟಿಯಿಂದ ತೆಗೆಯಬೇಕೋ ಬ್ಯಾಡೋ ಅಂತ. ತೆಗೆಯಬೇಕು ಅಂತ 27, ಬ್ಯಾಡ ಅಂತ 25. ನಮ್ಮ ದೇಶ ತೆಗೆಯಬೇಕು ಅನ್ನುವವರ ಜೊತೆ ಇತ್ತು. ಔಷಧದ ಗುಣ ಅದ ಅಂತ ಒಪ್ಪಿದ್ದು ಅಷ್ಟೇ. ಮೊದಲನೇ ಪಟ್ಟಿಯಾಗ ಅದು ಇನ್ನೂ ಅದ, ನಮ್ಮ 1985ರ ಕಾಯ್ದೆಯ ಒಂದು ಅಕ್ಷರವೂ ಅದರಿಂದ ಬದಲಾಗಿಲ್ಲ. ಆ ಸುದ್ದಿ ಮೊಬೈಲಿನಾಗ "ಗಾಂಜಾ ಖುಲ್ಲಾ" ಅಂತ ಬಂದು ಎಲ್ಲ ಹುಡುಗರಿಗೂ ಮುಟ್ಟಿತು.

ಚಟ ಹತ್ತಿದವರಿಗೆ ಕಾಯ್ದೆಯೊಳಗೆ ಒಂದು ಬಾಗಿಲು ಇಟ್ಟಾರ, ಅದು 64ಎ ಕಲಮು. ಸಣ್ಣ ಪ್ರಮಾಣದ ಇಲ್ಲಾ ಬಳಕೆಯ ಖಟ್ಲೆ ಇದ್ದು, ತಾನಾಗಿ ಸರಕಾರ ಒಪ್ಪಿದ ಆಸ್ಪತ್ರೆಯಾಗ ಬಿಡಿಸಿಕೊಳ್ಳುವ ಚಿಕಿತ್ಸೆ ತಗೊಂಡರೆ ಖಟ್ಲೆಯಿಂದ ಬಿಡುಗಡೆ ಅದ. ಚಿಕಿತ್ಸೆ ನಡುವೆ ಬಿಟ್ಟು ಬಂದರೆ ಆ ಬಿಡುಗಡೆಯೂ ಹೋಗಬಹುದು. ಇನ್ನೊಂದು 50ನೇ ಕಲಮು: ಮೈ ತಪಾಸಣೆ ಮಾಡುವಾಗ, ಗ್ಯಾಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಮಾಡ್ರಿ ಅಂತ ಕೇಳುವ ಹಕ್ಕು ಮನುಷ್ಯನಿಗೆ ಅದ, ಆ ಹಕ್ಕು ಅದ ಅಂತ ಪೊಲೀಸರೇ ಮೊದಲು ಹೇಳಬೇಕು. ಹೇಳದೆ ಮಾಡಿದ ತಪಾಸಣೆ ಕೋರ್ಟಿನಾಗ ಎಷ್ಟೋ ಸಲ ನಿಂತಿಲ್ಲ. ಆದರ ಅದು ಮೈಮೇಲಿನ ತಪಾಸಣೆಗೆ ಮಾತ್ರ. ಚೀಲಕ್ಕೆ, ಗಾಡಿಗೆ, ಬುತ್ತಿಯ ಡಬ್ಬಿಗೆ ಅದು ಲಾಗೂ ಇಲ್ಲ ಅಂತ ಸುಪ್ರೀಂ ಕೋರ್ಟೇ ಹೇಳ್ಯಾದ.